ಸೇಜ್ ಗಿಡ ಬಾಡಿದೆಯಾ? ನೀರು ಹಾಕುವ ಮೊದಲು ಇದನ್ನು ನೋಡಿ

ಸೇಜ್ ಅಂದರೆ ಅಡುಗೆಗೆ ಬಳಸುವ ಘಮದ ಎಲೆಯ ಗಿಡ. ಬೆಳಿಗ್ಗೆ ನೆಟ್ಟಗಿದ್ದ ಈ ಗಿಡ ಸಂಜೆ ಹೊತ್ತಿಗೆ ತಲೆ ಬಗ್ಗಿಸಿ ನಿಂತಿರುತ್ತದೆ. ತುದಿಗಳು ಜೋತು ಬಿದ್ದಿರುತ್ತವೆ. ಅಯ್ಯೋ ಪಾಪ, ನೀರು ಸಾಲಲಿಲ್ಲ ಅಂತ ಒಂದು ಚೊಂಬು ಸುರಿಯುತ್ತೇವೆ. ಮಾರನೇ ದಿನ ಇನ್ನೂ ಬಾಡುತ್ತದೆ. ಇನ್ನೊಂದು ಚೊಂಬು ಸುರಿಯುತ್ತೇವೆ. ವಾರದೊಳಗೆ ಗಿಡ ಇರುವುದಿಲ್ಲ.

ನನ್ನ ಮೊದಲ ನಾಲ್ಕು ಸೇಜ್ ಗಿಡಗಳು ಹೀಗೇ ಹೋದವು. ನಾಲ್ಕೂ ಸತ್ತಾಗ ಬೇರಿನ ಸುತ್ತ ಒದ್ದೆಯಾಗಿಯೇ ಇತ್ತು. ಬೆಂಗಳೂರಿನ ನಮ್ಮ ಮನೆ ತಾರಸಿಯಲ್ಲಿ ಈಗಿರುವ ಗಿಡಕ್ಕೆ ಮೂರು ವರ್ಷ. ಅದರ ಕಡ್ಡಿಯಿಂದ ಎದ್ದ ಮರಿಗಳು ನೆಂಟರ ಮನೆಗಳಲ್ಲೂ ಇವೆ. ಈ ನಡುವೆ ಸೇಜ್‌ಗೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ನಮ್ಮ ಮನೆಗೂ ಬಂದು ಹೋಗಿವೆ. ಯಾವುದನ್ನು ಹೇಗೆ ಗುರುತಿಸುವುದು, ಏನು ಮಾಡುವುದು ಅಂತ ಇಲ್ಲಿ ಬರೆದಿದ್ದೇನೆ. ಬಾಡುವ ವಿಷಯಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ, ಯಾಕೆಂದರೆ ನಮ್ಮ ಕಡೆ ಗಿಡ ಸಾಯುವುದು ಅದರಿಂದಲೇ.

ಮೊದಲು, ಅದು ಸೇಜ್ ಹೌದಾ?

ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಅಡುಗೆಗೆ ಬಳಸುವ ಸೇಜ್ ಅಂದರೆ ಸಾಲ್ವಿಯಾ ಅಫಿಶಿನಾಲಿಸ್. ಸಾಲ್ವಿಯಾ ಅನ್ನುವುದು ದೊಡ್ಡ ಕುಲ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿ ಪಾತಿ ತುಂಬ ಕೆಂಪಗೆ ನಿಲ್ಲುವ ಹೂವೂ ಸಾಲ್ವಿಯಾವೇ. ಮೈಸೂರು ಕಡೆ ರೈತರು ಬೆಳೆಯುವ ಚಿಯಾ ಕೂಡ ಸಾಲ್ವಿಯಾವೇ. ರೋಸ್‌ಮೇರಿಯನ್ನೂ 2017ರಲ್ಲಿ ಸಸ್ಯ ವಿಜ್ಞಾನಿಗಳು ಇದೇ ಕುಲಕ್ಕೆ ಸೇರಿಸಿದರು. ಹಾಗಾಗಿ ನರ್ಸರಿಯಲ್ಲಿ ‘ಸಾಲ್ವಿಯಾ’ ಅಂತ ಚೀಟಿ ಅಂಟಿಸಿದ್ದರೆ ಅದು ಅಡುಗೆಯ ಸೇಜೇ ಆಗಿರಬೇಕು ಅಂತಿಲ್ಲ. ಒಂದು ಸಲ ನನಗೆ ಸಿಕ್ಕಿದ್ದು ನೀಲಿ ಹೂವಿನ ಅಲಂಕಾರದ ಗಿಡ. ಎಲೆಗೆ ಘಮ ಯಾಕಿಲ್ಲ ಅಂತ ಎರಡು ತಿಂಗಳು ಗೊಬ್ಬರ ಬದಲಿಸುತ್ತಾ ಕೂತಿದ್ದೆ.

ನಿಜವಾದ ಸೇಜ್ ಎಲೆ ಬೂದು ಮಿಶ್ರಿತ ಹಸಿರು. ಬೆರಳುದ್ದ ಇರುತ್ತದೆ. ಮುಟ್ಟಿದರೆ ಮಕಮಲ್ಲಿನ ಹಾಗೆ. ಹತ್ತಿರ ಹಿಡಿದು ನೋಡಿದರೆ ಮೇಲ್ಮೈ ತುಂಬ ಸಣ್ಣ ಸಣ್ಣ ಉಬ್ಬುಗಳು ಕಾಣುತ್ತವೆ. ಉಜ್ಜಿದರೆ ಕರ್ಪೂರ, ಮೆಣಸು, ಸ್ವಲ್ಪ ಕಹಿ, ಎಲ್ಲ ಸೇರಿದ ವಾಸನೆ ಬರುತ್ತದೆ. ಎಳೆ ಕಾಂಡವನ್ನು ಎರಡು ಬೆರಳ ನಡುವೆ ಹೊರಳಿಸಿದರೆ ನಾಲ್ಕು ಮೂಲೆ ತಾಕುತ್ತವೆ. ತುಳಸಿ, ಪುದೀನ, ದೊಡ್ಡಪತ್ರೆ ಎಲ್ಲವೂ ಇದೇ ಮನೆತನದ ಗಿಡಗಳು. ಆದರೆ ದೊಡ್ಡಪತ್ರೆ ಎಲೆ ದಪ್ಪ, ರಸಭರಿತ, ಓಮದ ವಾಸನೆ. ಹಾಗಿದ್ದರೆ ಅದು ಸೇಜ್ ಅಲ್ಲ.

ಬಾಡಿದೆ: ಒಣಗಿ ಬಾಡಿದೆಯಾ, ಒದ್ದೆಯಾಗಿ ಬಾಡಿದೆಯಾ?

ಬೇರಿಗೆ ನೀರು ಸಿಗದಿದ್ದರೂ ಎಲೆ ಬಾಡುತ್ತದೆ. ಬೇರು ಕೊಳೆತು ನೀರು ಎಳೆಯಲು ಆಗದಿದ್ದರೂ ಎಲೆ ಬಾಡುತ್ತದೆ. ಎಲೆಯ ಮಟ್ಟಿಗೆ ಎರಡೂ ಒಂದೇ, ಮೇಲಕ್ಕೆ ನೀರು ಬರುತ್ತಿಲ್ಲ. ಅದಕ್ಕೇ ಎಲೆ ನೋಡಿ ತೀರ್ಮಾನ ಮಾಡಬಾರದು.

ತೋರುಬೆರಳನ್ನು ಎರಡನೇ ಗಿಣ್ಣಿನವರೆಗೆ ಮಣ್ಣೊಳಗೆ ಇಳಿಸಿ. ಮೇಲಿನ ಅರ್ಧ ಇಂಚು ಒಣಗಿದ್ದು ಲೆಕ್ಕಕ್ಕಿಲ್ಲ. ನಮ್ಮ ಬಿಸಿಲಿಗೆ ಅದು ಯಾವಾಗಲೂ ಒಣಗುತ್ತದೆ. ಕೆಳಗೆ ತಣ್ಣಗೆ, ಬೆರಳಿಗೆ ಮಣ್ಣು ಅಂಟುವಂತಿದ್ದರೆ ಒದ್ದೆ ಇದೆ ಅಂತ. ಆಮೇಲೆ ಕುಂಡವನ್ನು ಒಮ್ಮೆ ಎತ್ತಿ ನೋಡಿ. ನೀರು ಹಾಕಿದ ತಕ್ಷಣ ಎಷ್ಟು ಭಾರ, ನಾಲ್ಕು ದಿನ ಬಿಟ್ಟು ಎಷ್ಟು ಹಗುರ ಅಂತ ಕೈಗೆ ಅಭ್ಯಾಸ ಆಗಬೇಕು. ಎರಡು ವಾರ ಎತ್ತಿದರೆ ಸಾಕು, ಆಮೇಲೆ ಬೆರಳೂ ಬೇಡ.

ಮಣ್ಣು ಒಣಗಿದೆ, ಕುಂಡ ಹಗುರ, ಗಿಡ ಬಾಡಿದೆ ಅಂದರೆ ಸಮಾಧಾನ. ಇದು ಸುಲಭದ ದೋಷ. ಬೇಸಿಗೆಯಲ್ಲಿ ಮಣ್ಣು ಕುಗ್ಗಿ ಕುಂಡದ ಅಂಚಿಗೂ ಮಣ್ಣಿಗೂ ನಡುವೆ ಸಂದು ಬಿಟ್ಟಿದೆಯಾ ನೋಡಿ. ಹಾಗಿದ್ದರೆ ಮೇಲಿಂದ ಹಾಕಿದ ನೀರು ಆ ಸಂದಿನಿಂದ ಜಾರಿ ಕೆಳಗೆ ಹೋಗುತ್ತದೆ. ಬೇರಿನ ಉಂಡೆಗೆ ಒಂದು ಹನಿಯೂ ಮುಟ್ಟಿರುವುದಿಲ್ಲ. ಕುಂಡದ ಅರ್ಧದವರೆಗೆ ನೀರಿರುವ ಬಕೆಟ್‌ನಲ್ಲಿ ಇಪ್ಪತ್ತು ನಿಮಿಷ ಕೂರಿಸಿ. ಹೊರತೆಗೆದು ನೀರು ಪೂರ್ತಿ ಬಸಿಯಲು ಬಿಡಿ. ಸಂಜೆಗೆ ಗಿಡ ಎದ್ದು ನಿಲ್ಲುತ್ತದೆ.

ನಡು ಮಧ್ಯಾಹ್ನ ಬಾಡಿ, ಸಂಜೆ ತಾನಾಗಿ ಸರಿಯಾಗುವ ಗಿಡವೂ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ತಾರಸಿಯ ಕಾಂಕ್ರೀಟು ಕೆಂಡವಾಗಿರುತ್ತದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ 39.2 ಡಿಗ್ರಿ ಬಂದಿತ್ತು. ಆ ಬಿಸಿ ನೆಲದಿಂದ ಕುಂಡದ ಬುಡಕ್ಕೆ ಏರುತ್ತದೆ. ಎರಡು ಇಟ್ಟಿಗೆ ಇಟ್ಟು ಅದರ ಮೇಲೆ ಕುಂಡ ಕೂರಿಸಿ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹಸಿರು ನೆಟ್ಟಿನ ನೆರಳು ಕೊಡಿ. ಕಲಬುರಗಿ, ರಾಯಚೂರಿನ ಕಡೆಯವರಿಗೆ ಬೇಸಿಗೆಯಲ್ಲಿ ಈ ನೆರಳು ಬೇಕೇ ಬೇಕು.

ಇನ್ನು ಕಷ್ಟದ ದೋಷ. ಮಣ್ಣು ಒದ್ದೆ ಇದೆ, ಕುಂಡ ಭಾರ ಇದೆ, ಆದರೂ ಗಿಡ ಬಾಡಿದೆ. ಸಂಜೆ ತಂಪಾದರೂ ಏಳುವುದಿಲ್ಲ. ಬೇರು ಕೊಳೆಯುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಗುರುತು ಬೇಡ.

ಬೇರನ್ನು ಹೊರತೆಗೆದು ನೋಡುವುದು

ಭಯ ಬೇಡ. ಒದ್ದೆ ಮಣ್ಣಲ್ಲಿ ಬಾಡಿದ ಗಿಡ ಹಾಗೇ ಬಿಟ್ಟರೆ ಸಾಯುತ್ತದೆ, ತೆಗೆದು ನೋಡಿದರೆ ಉಳಿಯುವ ಅವಕಾಶವಾದರೂ ಇದೆ. ಕುಂಡವನ್ನು ಓರೆಯಾಗಿಸಿ, ಅಂಗೈಯಲ್ಲಿ ಮಣ್ಣಿನ ಮೇಲ್ಭಾಗ ಹಿಡಿದುಕೊಂಡು, ಬುಡಕ್ಕೆ ತಟ್ಟಿ. ಉಂಡೆ ಹೊರಗೆ ಬರುತ್ತದೆ. ಮೊದಲು ಮೂಸಿ ನೋಡಿ. ಒಳ್ಳೆ ಮಣ್ಣಿಗೆ ಮೊದಲ ಮಳೆಯ ವಾಸನೆ ಇರುತ್ತದೆ. ಕೊಳೆತ ಬೇರಿಗೆ ಮೋರಿ ವಾಸನೆ.

ಆಮೇಲೆ ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಆರೋಗ್ಯದ ಬೇರು ಕೆನೆ ಬಣ್ಣ, ಗಟ್ಟಿ, ಎಳೆದರೆ ಪಟ್ ಅಂತ ತುಂಡಾಗುತ್ತದೆ. ಕೊಳೆತ ಬೇರು ಕಂದು, ಲೋಳೆ. ಎಳೆದಾಗ ಹೊರಗಿನ ಸಿಪ್ಪೆ ಕಾಲುಚೀಲ ಕಳಚಿದ ಹಾಗೆ ಬೆರಳಲ್ಲಿ ಬಂದುಬಿಡುತ್ತದೆ, ಒಳಗಿನ ನೂಲಿನಂಥ ಎಳೆ ಮಾತ್ರ ಗಿಡದಲ್ಲಿ ಉಳಿಯುತ್ತದೆ. ಒಮ್ಮೆ ಬೆರಳಲ್ಲಿ ಇದನ್ನು ಅನುಭವಿಸಿದರೆ ಮತ್ತೆ ಮರೆಯುವುದಿಲ್ಲ.

ಅರ್ಧಕ್ಕಿಂತ ಹೆಚ್ಚು ಬೇರು ಬೆಳ್ಳಗಿದ್ದರೆ ಗಿಡ ಉಳಿಸಬಹುದು. ಕೊಳೆತದ್ದನ್ನೆಲ್ಲ ಚೊಕ್ಕ ಕತ್ತರಿಯಿಂದ ತೆಗೆಯಿರಿ. ಹಳೇ ಮಣ್ಣು ಉದುರಿಸಿ. ಬೇರು ಕಮ್ಮಿಯಾದಷ್ಟು ಮೇಲಿನ ಎಲೆಯೂ ಕಮ್ಮಿಯಾಗಬೇಕು, ಅದಕ್ಕೆ ಮೇಲಿನ ಮೂರನೇ ಒಂದು ಭಾಗ ಕತ್ತರಿಸಿ. ಹೊಸ ಒರಟು ಮಣ್ಣಲ್ಲಿ, ಬೇರಿಗೆ ಸರಿಹೊಂದುವ ಚಿಕ್ಕ ಕುಂಡದಲ್ಲಿ ನೆಡಿ. ದೊಡ್ಡ ಕುಂಡಕ್ಕೆ ಹಾಕಬೇಡಿ. ಬೇರು ತಲುಪದ ಮಣ್ಣಲ್ಲಿ ನೀರು ಹಾಗೇ ಕೂತಿರುತ್ತದೆ. ಒಂದು ವಾರ ಬೆಳಕಿರುವ ನೆರಳಲ್ಲಿಡಿ. ಗೊಬ್ಬರ ಬೇಡ. ಕತ್ತರಿಸಿದ ಚಿಗುರುಗಳನ್ನು ಬಿಸಾಡಬೇಡಿ, ಕಡ್ಡಿ ನೆಡಬಹುದು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಬಹುಪಾಲು ಬೇರು ಹೋಗಿದ್ದರೆ ಗಿಡದ ಆಸೆ ಬಿಟ್ಟು, ಹಸಿರಿರುವ ತುದಿಗಳನ್ನು ಮಾತ್ರ ಉಳಿಸಿಕೊಳ್ಳಿ.

ಬುಡವನ್ನೂ ಗಮನಿಸಿ. ಕಾಂಡ ಮಣ್ಣು ಮುಟ್ಟುವ ಜಾಗದಲ್ಲಿ ಬಿಳಿ ಬೂಜು, ಅದರ ನಡುವೆ ಸಾಸಿವೆ ಕಾಳಿನಂಥ ಕಂದು ಉಂಡೆಗಳು ಇದ್ದರೆ ಅದು ಬುಡ ಕೊಳೆ ರೋಗ. ಆ ಕಾಳುಗಳು ವರ್ಷಗಟ್ಟಲೆ ಮಣ್ಣಲ್ಲಿ ಬದುಕಿರುತ್ತವೆ. ಆ ಮಣ್ಣನ್ನು ಬೇರೆ ಕುಂಡಕ್ಕೆ ಬಳಸಬೇಡಿ, ಕಾಂಪೋಸ್ಟ್‌ಗೂ ಹಾಕಬೇಡಿ. ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆ ಶಿಲೀಂಧ್ರ) ಪುಡಿಯನ್ನು ಹೊಸ ಮಣ್ಣಿಗೆ ಮೊದಲೇ ಬೆರೆಸಿದರೆ ರೋಗ ತಡೆಯಲು ಸಹಾಯ ಆಗುತ್ತದೆ. ಕೊಳೆತ ಮೇಲೆ ಹಾಕಿದರೆ ಪ್ರಯೋಜನ ಇಲ್ಲ.

ಒದ್ದೆ ಎಲ್ಲಿಂದ ಬಂತು?

ಗಿಡ ಉಳಿಸಿದರೆ ಸಾಲದು, ಕಾರಣ ಸಿಗಬೇಕು. ಇಲ್ಲದಿದ್ದರೆ ಮತ್ತೆ ಅದೇ ಕಥೆ.

ಸೇಜ್‌ನ ತವರು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣ ಗುಡ್ಡಗಳು. ಕ್ರೊಯೇಷಿಯಾದ ಡಾಲ್ಮೇಷಿಯಾ ಕರಾವಳಿಯಲ್ಲಿ ಇದು ಸುಣ್ಣಕಲ್ಲಿನ ಬಂಡೆ ಸಂದಿಯಲ್ಲಿ ತಾನಾಗಿ ಬೆಳೆಯುತ್ತದೆ. ಅಲ್ಲಿ ಬೇಸಿಗೆ ಒಣ, ಮಳೆ ಬರುವುದು ಚಳಿಗಾಲದಲ್ಲಿ. ನಮ್ಮಲ್ಲಿ ತದ್ವಿರುದ್ಧ. ಬೆಚ್ಚಗಿರುವಾಗಲೇ ಮಳೆ. ಬೆಚ್ಚನೆ ಒದ್ದೆ ಮಣ್ಣು ಅಂದರೆ ಬೇರು ಕೊಳೆಸುವ ಶಿಲೀಂಧ್ರಗಳಿಗೆ ಹಬ್ಬ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ದೊಡ್ಡದು, ಆಗ ಗಿಡ ಸೂರಿನ ಕೆಳಗಿರಲಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಂಗಳೂರು, ಉಡುಪಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಲ್ಲಿ ಇಡಲೇಬಾರದು.

ಮಳೆ ಇಲ್ಲದ ದಿನಗಳಲ್ಲಿ ಕಾರಣ ಮನೆಯೊಳಗೇ ಇರುತ್ತದೆ. ನಮ್ಮನೆಯಲ್ಲಿ ಅಮ್ಮ ಸ್ನಾನ ಮಾಡಿ ಬಂದು ತುಳಸಿಗೆ ನೀರು ಹಾಕುತ್ತಾರೆ. ಚೊಂಬಲ್ಲಿ ಉಳಿದ ನೀರು ಪಕ್ಕದ ಕುಂಡಕ್ಕೆ. ಆ ಪಕ್ಕದ ಕುಂಡ ಸೇಜ್ ಆಗಿತ್ತು. ನಾನು ವಾರಕ್ಕೆರಡು ಸಲ ಅಂತ ಲೆಕ್ಕ ಇಟ್ಟು ನೀರು ಹಾಕುತ್ತಿದ್ದೆ, ಗಿಡಕ್ಕೆ ದಿನಾ ನೀರು ಬೀಳುತ್ತಿತ್ತು. ಮೂರನೇ ಗಿಡ ಸತ್ತ ಮೇಲೆ ಇದು ಗೊತ್ತಾಯಿತು. ಕುಂಡವನ್ನು ತಾರಸಿಯ ಇನ್ನೊಂದು ಮೂಲೆಗೆ ಸಾಗಿಸಿದೆ. ಅಕ್ಕಿ ತೊಳೆದ ನೀರು, ಫಿಲ್ಟರ್‌ನ ಕಾಫಿ ಚರಟ ಕೂಡ ಹೀಗೇ ಪ್ರೀತಿಯಿಂದ ಬಂದು ಬೀಳುತ್ತವೆ. ಚರಟ ಮಣ್ಣಿನ ಮೇಲೆ ಪದರ ಕಟ್ಟಿ ತೇವ ಹಿಡಿದಿಡುತ್ತದೆ. ಕುಂಡದ ಸುತ್ತ ಸಣ್ಣ ಕಪ್ಪು ನೊಣಗಳು ಹಾರಾಡಲು ಶುರುವಾದರೆ ಮಣ್ಣು ಬಹಳ ದಿನದಿಂದ ಒದ್ದೆ ಇದೆ ಅಂತಲೇ ಅರ್ಥ. ಮನೆಯಲ್ಲಿ ಎಲ್ಲರಿಗೂ ಹೇಳಿಬಿಡಿ, ಈ ಕುಂಡಕ್ಕೆ ಒಬ್ಬರೇ ನೀರು ಹಾಕುವುದು.

ಕುಂಡದ ಕೆಳಗೆ ತಟ್ಟೆ ಇದೆಯಾ? ತೆಗೆಯಿರಿ. ತೂತು ಮುಚ್ಚಿಹೋಗಿದೆಯಾ? ಕಡ್ಡಿ ತೂರಿಸಿ ನೋಡಿ.

ನರ್ಸರಿಯಿಂದ ಬಂದ ಉಂಡೆಯನ್ನು ಹಾಗೇ ನೆಟ್ಟಿದ್ದೀರಾ? ನನ್ನ ನಾಲ್ಕನೇ ಗಿಡವನ್ನು ಅಗೆದು ತೆಗೆದಾಗ ಬೇರಿನ ಸುತ್ತ ತೆಳ್ಳನೆ ಬಿಳಿ ಬಲೆಯ ಚೀಲ ಸಿಕ್ಕಿತು. ಸಸಿ ಮಾಡುವಾಗ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ತುಂಬಿಸುವ ಚೀಲ ಅದು. ಒಳಗಿನ ಕೋಕೋಪೀಟ್ ಹಿಂಡಿದರೆ ನೀರು ಸುರಿಯುತ್ತಿತ್ತು, ಹೊರಗಿನ ನನ್ನ ಮಣ್ಣು ಒಣಗಿತ್ತು. ನಾನು ಬೆರಳಿಟ್ಟು ನೋಡುತ್ತಿದ್ದದ್ದು ಹೊರಗಿನ ಮಣ್ಣನ್ನು! ಆಗಿನಿಂದ ಹೊಸ ಗಿಡ ತಂದರೆ ಮೊದಲು ಚೀಲ ಇದೆಯಾ ನೋಡಿ ಕತ್ತರಿಸುತ್ತೇನೆ. ಉಂಡೆಯ ಹೊರಗಿನ ಕೋಕೋಪೀಟ್ ಸಾಧ್ಯವಾದಷ್ಟು ಉದುರಿಸಿ ಬೇರು ಬಿಡಿಸಿ ನೆಡುತ್ತೇನೆ. ಬೆರಳನ್ನು ಗಿಡದ ಬುಡದ ಹತ್ತಿರವೇ ಇಳಿಸಿ ನೋಡುತ್ತೇನೆ.

ಕೆಳಗೆ ಜಲ್ಲಿ ಹಾಕಿದ್ದೆನಲ್ಲ?

ಈ ಮಾತು ಬಹಳ ಜನ ಹೇಳುತ್ತಾರೆ. ಕುಂಡದ ತಳದಲ್ಲಿ ಜಲ್ಲಿ, ಹೆಂಚಿನ ಚೂರು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅಂತ ನಾನೂ ನಂಬಿದ್ದೆ. ಅಡುಗೆ ಮನೆಯ ಸ್ಪಂಜು ತಗೊಂಡು ನೀವೇ ನೋಡಿ. ನೀರಲ್ಲಿ ಅದ್ದಿ ಅಂಗೈ ಮೇಲೆ ಅಡ್ಡಡ್ಡ ಮಲಗಿಸಿ. ಸ್ವಲ್ಪ ಹೊತ್ತು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಹಿಂಡದೆ ಉದ್ದುದ್ದ ನೆಟ್ಟಗೆ ನಿಲ್ಲಿಸಿ. ಮತ್ತೆ ನೀರು ಇಳಿಯುತ್ತದೆ. ಅದೇ ಸ್ಪಂಜು, ಎತ್ತರ ಮಾತ್ರ ಬದಲಾಯಿತು.

ಮಣ್ಣೂ ಹಾಗೇ. ಬಸಿದು ನಿಂತ ಮೇಲೂ ತಳದ ಒಂದಿಷ್ಟು ಎತ್ತರ ತೊಯ್ದೇ ಇರುತ್ತದೆ. ಆ ಎತ್ತರ ಎಷ್ಟು ಅನ್ನುವುದು ಮಣ್ಣು ಎಷ್ಟು ಸಣ್ಣದು, ಎಷ್ಟು ಒರಟು ಅನ್ನುವುದರ ಮೇಲೆ ನಿಂತಿದೆ. ಕೆಳಗೆ ಜಲ್ಲಿ ಹಾಕಿದರೆ ಆ ತೊಯ್ದ ಪದರ ಜಲ್ಲಿಗಿಂತ ಮೇಲೆ ಬಂದು ಕೂರುತ್ತದೆ, ಅಂದರೆ ಬೇರಿಗೆ ಇನ್ನೂ ಹತ್ತಿರ. ಹಾಗಾಗಿ ಮಾಡಬೇಕಾದದ್ದು ಎರಡು. ಆಳದ ಕುಂಡ ತಗೊಳ್ಳಿ. ಮಣ್ಣನ್ನೇ ಪೂರ್ತಿ ಒರಟು ಮಾಡಿ. ತೂತಿನಿಂದ ಮಣ್ಣು ಸೋರದಿರಲು ಒಂದು ಚೂರು ಬಲೆ ಸಾಕು.

ನಾನು ಬಳಸುವ ಅಳತೆ ಹೀಗಿದೆ. ಕೆಂಪು ಮಣ್ಣು ಎರಡು ಪಾಲು, ಒರಟು ಮರಳು ಎರಡು ಪಾಲು, ಹಳೇ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು, ಜತೆಗೆ ಒಂದೆರಡು ಹಿಡಿ ಇದ್ದಿಲ ಚೂರು. ಈಗ ಎಲ್ಲೆಡೆ ಸಿಗುವುದು ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು. ಅದನ್ನು ಹಾಗೇ ಹಾಕಬೇಡಿ. ಅದರಲ್ಲಿರುವ ಕಲ್ಲಿನ ಪುಡಿ ನೀರು ಬಿದ್ದ ಮೇಲೆ ಸಿಮೆಂಟಿನಂತೆ ಕೂರುತ್ತದೆ. ಹಳೇ ರವೆ ಜರಡಿಯಲ್ಲಿ ಜಾಲಿಸಿ, ಕೆಳಗೆ ಬಿದ್ದದ್ದನ್ನು ಬಿಟ್ಟು ಜರಡಿಯಲ್ಲಿ ಉಳಿದ ಹರಳನ್ನು ತೊಳೆದು ಬಳಸಿ. ಕುಂಡ ಎಂಟರಿಂದ ಹತ್ತು ಇಂಚು ಅಗಲ, ಅಷ್ಟೇ ಆಳ. ಮಣ್ಣಿನ ಕುಂಡವಾದರೆ ಗೋಡೆಯಿಂದಲೂ ತೇವ ಆರುತ್ತದೆ, ಅದೇ ಒಳ್ಳೆಯದು. ತುಂಬಿಸಿದ ಮೇಲೆ ಒಂದು ಮಗ್ ನೀರು ಸುರಿದು ನೋಡಿ. ಹತ್ತು ಎಣಿಸುವುದರೊಳಗೆ ಮೇಲಿನ ನೀರು ಮಾಯವಾಗಿ ಕೆಳಗೆ ಇಳಿಯಲು ಶುರುವಾಗಬೇಕು. ಕೆರೆಯ ಹಾಗೆ ನಿಂತರೆ ಇನ್ನಷ್ಟು ಮರಳು ಸೇರಿಸಿ.

ನಮ್ಮ ತಾರಸಿಯಲ್ಲಿ ಈ ಮಣ್ಣಿಗೆ ನವೆಂಬರ್‌ನಿಂದ ಫೆಬ್ರವರಿವರೆಗೆ ನಾಲ್ಕೈದು ದಿನಕ್ಕೊಮ್ಮೆ, ಏಪ್ರಿಲ್‌ನಲ್ಲಿ ದಿನ ಬಿಟ್ಟು ದಿನ ನೀರು ಬೇಕಾಗುತ್ತದೆ. ನಿಮ್ಮಲ್ಲಿ ಬೇರೆ ಇರಬಹುದು. ಬೆರಳು, ಕುಂಡದ ತೂಕ ಹೇಳಿದಂತೆ ನಡೆಯಿರಿ.

ಎಲೆ ಮೇಲೆ ಬಿಳಿ

ಮೊದಲು ಗಾಬರಿ ಬಿಡಿ. ಸೇಜ್ ಎಲೆಗೆ ಹುಟ್ಟಿನಿಂದಲೇ ಬಿಳಿ ರೋಮ ಇರುತ್ತದೆ. ಎಳೆ ಚಿಗುರಲ್ಲಂತೂ ಹಿಟ್ಟು ಉದುರಿಸಿದ ಹಾಗೇ ಕಾಣುತ್ತದೆ. ಹೆಬ್ಬೆರಳಿಂದ ಒರೆಸಿ ನೋಡಿ. ಬೆರಳಿಗೆ ಏನೂ ಹತ್ತದಿದ್ದರೆ, ಗಿಡದ ಎಲ್ಲ ಚಿಗುರೂ ಒಂದೇ ಥರ ಇದ್ದರೆ, ಅದು ಗಿಡದ ಸ್ವಭಾವ. ಒರೆಸಿದಾಗ ಬೆರಳಿಗೆ ಪುಡಿ ಹತ್ತಿ, ಕೆಳಗೆ ಹಸಿರು ಬೇರೆಯಾಗಿ ಕಂಡರೆ, ವೃತ್ತ ವೃತ್ತವಾಗಿ ಮಚ್ಚೆ ಇದ್ದರೆ, ಅದು ಬೂದಿ ರೋಗ. ಗಾಳಿ ಆಡದ ಬಾಲ್ಕನಿಯಲ್ಲಿ, ರಾತ್ರಿ ತಂಪು ಹಗಲು ಬಿಸಿ ಇರುವ ದಿನಗಳಲ್ಲಿ ಬರುತ್ತದೆ. ಜಾಸ್ತಿ ಹಿಡಿದ ಎಲೆ ಕಿತ್ತು ಹಾಕಿ. ನಡುವಿನ ಒತ್ತಾದ ಕೊಂಬೆ ಒಂದೆರಡು ತೆಗೆದು ಗಾಳಿ ಬಿಡಿ. ಕುಂಡವನ್ನು ಗೋಡೆಯಿಂದ ಒಂದಡಿ ಈಚೆ ಎಳೆಯಿರಿ. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಬಿಸಿಲಿರುವ ಬೆಳಿಗ್ಗೆ ವಾರಕ್ಕೊಮ್ಮೆ ಸಿಂಪಡಿಸಿದರೆ ಶುರುವಿನಲ್ಲೇ ಹತೋಟಿಗೆ ಬರುತ್ತದೆ.

ವಾರಗಟ್ಟಲೆ ಜಿಟಿಜಿಟಿ ಮಳೆಯಾದಾಗ ಬರುವುದು ಬೇರೆ. ಎಲೆ ಮೇಲೆ ನರಗಳ ನಡುವೆ ಮೂಲೆ ಮೂಲೆಯಾದ ಹಳದಿ ಮಚ್ಚೆ, ತಿರುಗಿಸಿ ನೋಡಿದರೆ ಅದೇ ಜಾಗದಲ್ಲಿ ಬೂದು ಬಣ್ಣದ ಬೂಜು. ದ್ರಾಕ್ಷಿ ಬೆಳೆಗಾರರಿಗೆ ಗೊತ್ತಿರುವ ಬೂಜು ತುಪ್ಪಟ ರೋಗದ ಜಾತಿಯದು. ಹಾಲು ಇದಕ್ಕೆ ಆಗುವುದಿಲ್ಲ. ಹಿಡಿದ ಕೊಂಬೆ ಕತ್ತರಿಸಿ ಕವರ್‌ನಲ್ಲಿ ಕಟ್ಟಿ ಬಿಸಾಡಿ, ಗಿಡವನ್ನು ಮಳೆ ತಾಗದ ಜಾಗಕ್ಕೆ ತನ್ನಿ. ಎಲೆ ಮೇಲೆ ನೀರು ಬೀಳದಂತೆ ಬುಡಕ್ಕೆ ಮಾತ್ರ ಹಾಕಿ.

ಕೊಂಬೆ ಸಂದಿಯಲ್ಲಿ ಹತ್ತಿಯ ಉಂಡೆಯಂತಿದ್ದರೆ ಹಿಟ್ಟು ತಿಗಣೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಒರೆಸಿ. ಇರುವೆ ಸಾಲು ಕಂಡರೆ ಅದನ್ನೂ ತಡೆಯಿರಿ. ಇರುವೆಗಳೇ ಅವನ್ನು ಸಾಕುತ್ತವೆ.

ಎಲೆ ಮಂಕಾಗಿದೆ, ಚುಕ್ಕೆ ಚುಕ್ಕೆ

ಮಾರ್ಚ್‌ನಿಂದ ಮೇವರೆಗೆ ಎಲೆ ಹಸಿರು ಕಳೆದುಕೊಂಡು ರವೆ ಚೆಲ್ಲಿದಂತೆ ತಿಳಿ ಚುಕ್ಕೆಗಳು ಬಂದರೆ ಜೇಡ ನುಸಿ ಇರಬಹುದು. ಕಣ್ಣಿಗೆ ಕಾಣುವುದು ಕಷ್ಟ. ಬಿಳಿ ಕಾಗದ ಕೆಳಗೆ ಹಿಡಿದು ಕೊಂಬೆಯನ್ನು ಎರಡು ಸಲ ತಟ್ಟಿ. ಬಿದ್ದ ಧೂಳಿನ ಚುಕ್ಕೆಗಳು ನಿಧಾನಕ್ಕೆ ನಡೆಯಲು ಶುರು ಮಾಡಿದರೆ ಗೊತ್ತಾಯಿತು. ಬೆಳಿಗ್ಗೆ ಎಲೆಯ ಕೆಳಗಡೆಗೆ ಜೋರಾಗಿ ನೀರು ಹಾಯಿಸಿ ತೊಳೆಯಿರಿ, ಎರಡು ದಿನ ಬಿಟ್ಟು ಮತ್ತೆ, ಹೀಗೆ ನಾಲ್ಕು ಸಲ. ತೊಳೆಯುವಾಗ ಕುಂಡದ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಇಲ್ಲದಿದ್ದರೆ ನುಸಿ ಹೋಗಿ ಬೇರು ಕೊಳೆ ಬರುತ್ತದೆ. ಹೋಗದಿದ್ದರೆ ಲೀಟರ್ ನೀರಿಗೆ ಐದು ಮಿಲಿ ಸೌಮ್ಯ ದ್ರವ ಸೋಪು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಬೇವಿನೆಣ್ಣೆಯೂ ಕೆಲಸ ಮಾಡುತ್ತದೆ. ಆದರೆ ರೋಮದ ಎಲೆಗೆ ಅದರ ವಾಸನೆ ಹಿಡಿದು ಕೂರುತ್ತದೆ. ತಿನ್ನುವ ಎಲೆ ಅಲ್ವಾ, ನಾನು ಬಳಸುವುದಿಲ್ಲ.

ಎಲೆಯಲ್ಲಿ ತೂತು ಬಿದ್ದು, ಎರಡು ಎಲೆ ನೂಲಿನಿಂದ ಅಂಟಿಕೊಂಡಿದ್ದರೆ ಒಳಗೆ ಹಸಿರು ಹುಳು ಇರುತ್ತದೆ. ಬಿಡಿಸಿ ತೆಗೆದರೆ ಆಯಿತು. ಮಳೆಗಾಲದಲ್ಲಿ ರಾತ್ರೋರಾತ್ರಿ ಅರ್ಧ ಗಿಡ ಮಾಯವಾದರೆ ಟಾರ್ಚ್ ಹಿಡಿದು ಬಸವನಹುಳು ಹುಡುಕಿ. ಉಪ್ಪು ಹಾಕಬೇಡಿ, ಅದು ಮಣ್ಣನ್ನು ಕೆಡಿಸುತ್ತದೆ.

ಹಳದಿ

ಬುಡದ ಹಳೇ ಎಲೆ ಒಂದೆರಡು ಹಳದಿಯಾಗಿ ಉದುರುವುದು ಸಹಜ. ಕೆಳಗಿನ ಎಲೆಗಳು ಒಟ್ಟಿಗೇ ಹಳದಿಯಾಗಿ ಮಣ್ಣು ಒದ್ದೆ ಇದ್ದರೆ ಮೇಲೆ ಹೇಳಿದ ಬೇರಿನ ಕಥೆಗೆ ಹಿಂತಿರುಗಿ. ಹೊಸ ಚಿಗುರು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಗಿಡಕ್ಕೆ ಕಬ್ಬಿಣದ ಅಂಶ ಸಿಗುತ್ತಿಲ್ಲ. ಬೋರ್‌ವೆಲ್‌ನ ಗಡಸು ನೀರು ವರ್ಷಗಟ್ಟಲೆ ಹಾಕಿದ ಕುಂಡಗಳಲ್ಲಿ, ಹೊಸ ಸಿಮೆಂಟ್ ಕುಂಡಗಳಲ್ಲಿ ಇದು ಕಾಣುತ್ತದೆ. ಕುಂಡದ ಹೊರಗೆ ಉಪ್ಪಿನ ಬಿಳಿ ಪದರ ಕಟ್ಟಿದ್ದರೆ ಅದೇ ಸಾಕ್ಷಿ. ಮಳೆ ನೀರು ಹಿಡಿದಿಟ್ಟು ಕುಂಡದ ಎರಡರಷ್ಟು ನೀರು ಒಮ್ಮೆ ಹಾಯಿಸಿ ಪೂರ್ತಿ ಬಸಿಯಿರಿ. ಎಲೆ ತುದಿ ಕಂದಾಗಿ ಒಣಗುವುದಕ್ಕೂ ಈ ಉಪ್ಪೇ ಬಹಳ ಸಲ ಕಾರಣ.

ಉದ್ದುದ್ದ ಬೆಳೆದಿದೆ, ಘಮ ಇಲ್ಲ

ಎಲೆ ಎಲೆಯ ನಡುವೆ ಅಂತರ ಜಾಸ್ತಿ, ಕಾಂಡ ಸಪೂರ, ಎಲ್ಲ ಒಂದೇ ಕಡೆ ವಾಲಿದೆ ಅಂದರೆ ಬಿಸಿಲು ಸಾಲದು. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಅಡುಗೆ ಮನೆ ಕಿಟಕಿಯಲ್ಲಿ ಸೇಜ್ ಬೆಳೆಯುತ್ತದೆ ಅನ್ನುವ ಚಿತ್ರಗಳನ್ನು ನಂಬಬೇಡಿ. ನೆರಳಿನಿಂದ ತಂದ ಗಿಡವನ್ನು ಒಮ್ಮೆಗೇ ತಾರಸಿಗೆ ಹಾಕಿದರೆ ಎಲೆ ಸುಡುತ್ತದೆ, ಹತ್ತು ದಿನದಲ್ಲಿ ನಿಧಾನಕ್ಕೆ ಬಿಸಿಲಿಗೆ ಸರಿಸಿ.

ಬಿಸಿಲು ಇದೆ, ಎಲೆ ದೊಡ್ಡದಿದೆ, ಹಚ್ಚ ಹಸಿರಿದೆ, ಆದರೂ ವಾಸನೆ ಸಪ್ಪೆ ಅಂದರೆ ಗೊಬ್ಬರ ಜಾಸ್ತಿಯಾಗಿದೆ. ವರ್ಷಕ್ಕೆ ಎರಡು ಸಲ ಒಂದು ಹಿಡಿ ಎರೆಗೊಬ್ಬರ ಸಾಕು. ಸ್ವಲ್ಪ ಹಸಿದಿರುವ ಗಿಡದ ಎಲೆಯೇ ಘಮ್ಮೆನ್ನುವುದು. ಹೂ ಬರಲಿಲ್ಲ ಅಂತ ಬೇಜಾರು ಬೇಡ. ಒಳ್ಳೆ ಚಳಿಗಾಲ ಕಳೆದ ಮೇಲೆ ವಸಂತದಲ್ಲಿ ಹೂ ಬಿಡುವ ಗಿಡ ಇದು, ನಮ್ಮಲ್ಲಿ ಆ ಚಳಿ ಇಲ್ಲ. ನನ್ನ ಗಿಡ ಇದುವರೆಗೆ ಹೂ ಬಿಟ್ಟಿಲ್ಲ.

ಬುಡ ಬೋಳು, ಕಟ್ಟಿಗೆಯಾಗಿದೆ

ಮೂರು ನಾಲ್ಕು ವರ್ಷಕ್ಕೆ ಸೇಜ್ ಬುಡ ಮರವಾಗುತ್ತದೆ. ಇದು ರೋಗ ಅಲ್ಲ, ವಯಸ್ಸು. ಇಲ್ಲಿ ಎಲ್ಲರೂ ಮಾಡುವ ತಪ್ಪು, ದಾಸವಾಳ ಕತ್ತರಿಸಿದ ಹಾಗೆ ಬುಡದವರೆಗೆ ಕತ್ತರಿಸುವುದು. ದಾಸವಾಳ ಚಿಗುರುತ್ತದೆ. ಸೇಜ್‌ನ ಎಲೆಯಿಲ್ಲದ ಹಳೇ ಕಟ್ಟಿಗೆ ಚಿಗುರುವುದೇ ಅಪರೂಪ. ಕತ್ತರಿಸುವಾಗ ಪ್ರತಿ ಕೊಂಬೆಯಲ್ಲೂ ಎರಡು ಮೂರು ಜೊತೆ ಹಸಿರೆಲೆ ಉಳಿಸಿಯೇ ಕತ್ತರಿಸಿ. ಎಳೆಯ ಗಿಡದಲ್ಲಿ ತಿಂಗಳಿಗೊಮ್ಮೆ ತುದಿ ಚಿವುಟುತ್ತಿದ್ದರೆ ಬೋಳಾಗುವುದು ತಡವಾಗುತ್ತದೆ.

ಕಡ್ಡಿ ನೆಡುವುದು

ಗಿಡ ಚೆನ್ನಾಗಿರುವಾಗಲೇ ಇದನ್ನು ಮಾಡಿ. ಬೀಜದಿಂದಲೂ ಬರುತ್ತದೆ. ಆದರೆ ಮೊಳೆಯಲು ಎರಡು ಮೂರು ವಾರ, ಮೊಳೆತ ಸಸಿಗಳೂ ತೇವಕ್ಕೆ ಬುಡ ಸಣ್ಣಗಾಗಿ ಮಲಗಿಬಿಡುತ್ತವೆ. ಕಡ್ಡಿಯೇ ವಾಸಿ. ಬೆಂಗಳೂರಿನಲ್ಲಿ ಮಳೆ ನಿಂತ ಮೇಲೆ ನವೆಂಬರ್‌ನಿಂದ ಜನವರಿವರೆಗೆ ಒಳ್ಳೆ ಸಮಯ.

ನಾಲ್ಕು ಇಂಚಿನ ತುದಿ ಆರಿಸಿ. ಬಗ್ಗಿಸಿದರೆ ಬಾಗಬೇಕು, ತೀರಾ ಮೆತ್ತಗೂ ಇರಬಾರದು. ಗೆಣ್ಣಿನ ಕೆಳಗೆ ಕತ್ತರಿಸಿ. ಕೆಳಗಿನ ಅರ್ಧದ ಎಲೆ ತೆಗೆಯಿರಿ. ತೊಳೆದ ಒರಟು ಮರಳು ಮತ್ತು ಕೋಕೋಪೀಟ್ ಅರ್ಧರ್ಧ ಬೆರೆಸಿ, ತೂತು ಮಾಡಿದ ಮೊಸರಿನ ಡಬ್ಬಿಗೆ ತುಂಬಿ, ಕಡ್ಡಿಯಿಂದ ಗುಂಡಿ ಮಾಡಿ ನೆಡಿ. ಬೆಳಕಿರುವ ನೆರಳಲ್ಲಿಡಿ. ಮೇಲೆ ಪ್ಲಾಸ್ಟಿಕ್ ಮುಚ್ಚಬೇಡಿ. ಪುದೀನಕ್ಕೆ ಅದು ಸರಿ, ಸೇಜ್‌ನ ರೋಮದ ಎಲೆ ಕೊಳೆಯುತ್ತದೆ.

ಮೂರು ವಾರ ಕಳೆದ ಮೇಲೆ ಒಂದು ಕಡ್ಡಿಯನ್ನು ಹೂವು ಎತ್ತುವಷ್ಟು ಮೆಲ್ಲಗೆ ಎಳೆದು ನೋಡಿ. ಜಾರಿ ಬಂದರೆ ಮತ್ತೆ ಚುಚ್ಚಿ ಇನ್ನೊಂದು ವಾರ ಕಾಯಿರಿ. ತಡೆದು ಹಿಡಿದುಕೊಂಡರೆ ಬೇರು ಬಂದಿದೆ. ನಾಲ್ಕು ಇಂಚಿನ ಕುಂಡಕ್ಕೆ ಬದಲಿಸಿ, ಎರಡು ತಿಂಗಳ ಮೇಲೆ ದೊಡ್ಡದಕ್ಕೆ. ಎರಡು ಮರಿ ಉಳಿದರೆ ಎರಡನ್ನೂ ಒಂದೇ ಕಡೆ ಇಡಬೇಡಿ. ಒಂದು ತಾರಸಿಯಲ್ಲಿರಲಿ, ಇನ್ನೊಂದು ಮಳೆ ತಾಗದ ಸೂರಿನ ಕೆಳಗಿರಲಿ.